ಅಟ್ಟದಲ್ಲಿದ್ದ ನಸೀಮಳ ಪುಸ್ತಕಗಳು

ಅವತ್ತು ನಮ್ಮ ಮನೆಯಲ್ಲಿ ಒಂದು ರೇಷ್ಮೆ ಹುಳವೂ ಇರಲಿಲ್ಲ, ನಸೀಮಾ. ನಾನು ಸುಳ್ಳು ಹೇಳಿದೆ. ನಿನ್ನ ಪುಸ್ತಕ ನಿನಗೆ ಸಿಗದಿರಲಿ ಅಂತಲೇ ಹೇಳಿದೆ.

ರಾಮನಗರದ ಕಂಪ್ಯೂಟರ್ ಕ್ಲಾಸಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಪ್ರೋಗ್ರಾಮಿಂಗ್ ಪುಸ್ತಕ ಕೂಡಿಹಾಕುವ ಹುಚ್ಚು ಮೊದಲು ಹಿಡಿದದ್ದು ನಿನಗೆ. ಹಬ್ಬಕ್ಕೆ ಬಟ್ಟೆ ಬೇಡ ಅಂತ ಹಠ ಮಾಡಿ, ಬೆಂಗಳೂರಿನ ಫುಟ್‌ಪಾತಿನಿಂದ ನೀನು ಹಳೇ ಪುಸ್ತಕ ತರಿಸುತ್ತಿದ್ದೆ — ಸಿ, ಜಾವಾ, ಡೇಟಾ ಸ್ಟ್ರಕ್ಚರ್. ನಿಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಗೂಡು ಬೇಯಿಸುವ ಹಬೆಗೆ ಹಾಳೆಗಳು ಉಬ್ಬಿ ಹೋಗುತ್ತಿದ್ದವು. 'ನಿಮ್ಮ ಅಟ್ಟದಲ್ಲಿ ಇಟ್ಕೋತೀಯೇನೇ?' ಅಂತ ಕೇಳಿದೆ ನೀನು. ಕೈಲಾಂಚದಲ್ಲಿ ಹುಳ ಸಾಕುವ ನಮ್ಮ ಮನೆಗೆ ಒಂದೊಂದಾಗಿ ಬಂದವು. ಸಿ ಪುಸ್ತಕದ ಪಾಯಿಂಟರ್ ಪಾಠ ಅರ್ಥವಾಗದೆ ನಾನು ಅಳುತ್ತಿದ್ದಾಗ, ಅದೇ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹೇಳಿಕೊಟ್ಟವಳೂ ನೀನೇ.

ಆಮೇಲೆ ಆ ಕೆಲಸ ಬಂತು — ಕಾಲೇಜೊಂದಕ್ಕೆ ಕಂಪ್ಯೂಟರ್ ಟೀಚರ್, ಇರುವುದು ಒಂದೇ ಜಾಗ. ಸಂದರ್ಶನಕ್ಕೆ ಇಬ್ಬರಿಗೂ ಕರೆ. ನೀನಿದ್ದರೆ ಅದು ನನಗೆ ದಕ್ಕುವುದಿಲ್ಲ, ಗೊತ್ತಿತ್ತು. ಓದಿಕೊಳ್ಳಲು ಪುಸ್ತಕ ಬೇಕು ಅಂತ ನೀನು ಬಸ್ಸಿಳಿದು ನಡೆದು ಬಂದೆ. ನಾನು ಜಗಲಿಯಲ್ಲೇ ಅಡ್ಡ ನಿಂತೆ.

'ಹುಳ ನಾಲ್ಕನೇ ಜ್ವರಕ್ಕೆ ಕೂತವೆ ಕಣೇ. ಹೊರಗಿನೋರು ಬರಂಗಿಲ್ಲ. ಅಟ್ಟ ಹತ್ತುದ್ರೆ ಧೂಳೆಲ್ಲ ಹುಳದ ತಟ್ಟೆ ಮೇಲೇ ಬೀಳ್ತದೆ. ಮುಗೀಲಿ, ನಾನೇ ತಂದ್ಕೊಡ್ತೀನಿ.'

ಹುಳ ಹೀಗೆ ಜ್ವರಕ್ಕೆ ಕೂತು ಪೊರೆ ಬಿಡುವ ದಿನಗಳಲ್ಲಿ ನಮ್ಮ ಕಡೆ ಒಡಹುಟ್ಟಿದವರನ್ನೂ ಒಳಗೆ ಬಿಡುವುದಿಲ್ಲ. ಬೇರೆ ಯಾರೇ ಆಗಿದ್ದರೂ ಒಸಿ ಜಗಳ ಆಡುತ್ತಿದ್ದರೇನೋ. ಗೂಡಿನಿಂದಲೇ ಅನ್ನ ತಿನ್ನುವ ಮನೆಯ ಹುಡುಗಿ ನೀನು — ತಟ್ಟನೆ ಹಿಂದೆ ಸರಿದೆ. 'ಅಯ್ಯೋ ಬ್ಯಾಡ ಬ್ಯಾಡ, ಹುಳಕ್ಕೆ ಏನಾದ್ರೂ ಆದ್ರೆ! ಬೆಳೆ ಚೆನ್ನಾಗಿ ಬರ್ಲಿ' ಅಂತ ಹರಸಿ, ನೀರೂ ಕುಡಿಯದೆ ಹೊರಟೆ. ಥೂ, ನನ್ನ ಜನ್ಮಕ್ಕಿಷ್ಟು! ನೀನು ತಿರುವು ದಾಟುವುದನ್ನೇ ಕಾದು ನಾನು ಅಟ್ಟ ಹತ್ತಿದೆ. ನಿನ್ನ ಪುಸ್ತಕವನ್ನೇ ಓದಿದೆ.

ಸಂದರ್ಶನದಲ್ಲಿ ನೀನು ತಡವರಿಸಿದೆಯಂತೆ. ಕೆಲಸ ನನಗಾಯಿತು. ಪುಸ್ತಕ ತಂದುಕೊಡಲೇ ಅಂತ ಕೇಳಿದ್ದಕ್ಕೆ, 'ಇನ್ನು ನಂಗ್ಯಾಕೆ? ನಿನಗೇ ಇರ್ಲಿ' ಅಂತ ನೀನು ನಕ್ಕುಬಿಟ್ಟೆ. ಈಗ ನನ್ನ ಮನೆಯಲ್ಲಿ ಗೋಡೆ ತುಂಬ ಪುಸ್ತಕ. 'ಮೇಡಂ ಸ್ವಂತ ಲೈಬ್ರರಿ ಕಟ್ಟವ್ರೆ' ಅಂತ ಜನ ಹೊಗಳುತ್ತಾರೆ — ಹಲ್ಲು ಕಿರಿದು ಕೇಳಿಸಿಕೊಳ್ಳುತ್ತೇನೆ. ಮೊದಲನೇ ಸಾಲು ಪೂರಾ ನಿನ್ನದು. ನಿನ್ನ ಹೆಸರಿನ ಮೇಲೆ ನನ್ನ ಚೀಟಿ ಅಂಟಿಸಿದ್ದೇನೆ.

ಮೊನ್ನೆ, ಈಗ ನಮ್ಮ ಕಾಲೇಜಿನಲ್ಲೇ ಓದುವ ನಿನ್ನ ಮಗಳು ಪುಸ್ತಕ ಕೇಳಿಕೊಂಡು ಬಂದಿದ್ದಳು. ಅರ್ಥವಾಗದಿದ್ದರೆ ನಿಮ್ಮಮ್ಮನ್ನ ಕೇಳು ಅಂದೆ.

'ಅಮ್ಮಿನಾ? ಅವರಿಗೆ ಕಂಪ್ಯೂಟರ್ ತಲೆಗೇ ಹೋಗ್ಲಿಲ್ವಂತೆ ಮಿಸ್. ನಾನು ದಡ್ಡಿ ಅಂತ ಅವರೇ ಹೇಳ್ಕೋತಾರೆ.'

ಒಂದು ಕೆಲಸ ಕಿತ್ತುಕೊಂಡೆ ಅಂತಷ್ಟೇ ನಾನು ತಿಳಿದಿದ್ದೆ. ಇಷ್ಟು ವರ್ಷ ನೀನು ಹೀಗೆ ನಂಬಿಕೊಂಡೇ ಬದುಕಿದ್ದೀಯ. ಆಗಲೂ 'ಹೌದಾ' ಅಂದು ಪುಸ್ತಕ ತೆಗೆದುಕೊಟ್ಟೆ.

ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಕ್ಷಮಿಸು ಅನ್ನಲು ನನಗೆ ಮುಖವಿಲ್ಲ. ನಿನ್ನ ಎದುರಿಗೇ ನಿನ್ನ ಮಗಳನ್ನು ಕೂರಿಸಿಕೊಂಡು ಹೇಳುತ್ತೇನೆ: ನಿಮ್ಮಮ್ಮ ದಡ್ಡಿ ಅಲ್ಲ ಕಣಮ್ಮ, ನಿಮ್ಮ ಮಿಸ್ಸು ಕಳ್ಳಿ.