ಕೂಸಿನ ಅಂಗಾಲು, ದೊಡ್ಡಮ್ಮನ ಹಿಂಗೈ

ಗಿರಿಜ ದೊಡ್ಡಮ್ಮ ಯಾರ ಮನೆಯ ಕೂಸನ್ನು ನೋಡಲು ಹೋದರೂ ಮೊದಲು ಮುಖ ನೋಡುತ್ತಿರಲಿಲ್ಲ. ಬಟ್ಟೆ ಸರಿಸಿ ಹಿಂಗೈಯನ್ನು ಅಂಗಾಲಿಗೆ ತಾಗಿಸುತ್ತಿದ್ದರು. "ಬೆಚ್ಚಗಿದೆ, ಸದ್ಯ" ಅಂದ ಮೇಲೆಯೇ ಕಾಫಿ ಲೋಟಕ್ಕೆ ಕೈ. ನಮ್ಮ ಬಳಗದ ಬಾಣಂತನಗಳೆಲ್ಲ ಆದದ್ದು ಅವರ ಕೈಯಲ್ಲೇ. ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹೊತ್ತಿಸಿ, ಸಾಂಬ್ರಾಣಿ ಹಾಕಿದರೆಂದರೆ ಮುಗಿಯಿತು. ಎದುರಾಡಿದ ಬಾಣಂತಿಯನ್ನು ನಾನಂತೂ ಕಂಡಿಲ್ಲ.

ನನ್ನ ಮಗಳು ದಿನ ತುಂಬುವ ಮೊದಲೇ, ಡಿಸೆಂಬರ್ ಚಳಿಯಲ್ಲಿ ಹುಟ್ಟಿದಳು. ಹಿಡಿಯಷ್ಟಿದ್ದ ಕೂಸು. "ಮೈ ತಣ್ಣಗಾಗಬಾರದು, ಹೊಗೆಯಂತೂ ಸೋಕಲೇಬಾರದು" ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಚಾಮರಾಜಪೇಟೆಯ ನಮ್ಮ ಹಳೇ ಮನೆಯ ಗೋಡೆಯೋ, ಮುಟ್ಟಿದರೆ ಮೈ ಜುಂ ಅನ್ನುತ್ತಿತ್ತು. ನಮ್ಮನೆಯವರು ಬಿಸಿಗಾಳಿಯನ್ನೂ ಕೊಡುವ ಎಸಿ ಹಾಕಿಸಿದರು. ಒಂದು ಪೆಟ್ಟಿಗೆ ಕೋಣೆಯಲ್ಲಿ, ಇನ್ನೊಂದು ಹಿತ್ತಲಲ್ಲಿ. ತುಮಕೂರಿನಿಂದ ಬಾಣಂತನಕ್ಕೆ ಬಂದಿದ್ದ ದೊಡ್ಡಮ್ಮ ಅಗ್ಗಿಷ್ಟಿಕೆಯನ್ನು ಅಟ್ಟಕ್ಕೇರಿಸಿದರು. ಮುಖ ಮಾತ್ರ ಊದಿಕೊಂಡೇ ಇತ್ತು.

ಒಂದು ಸಂಜೆ ಬಿಸಿಗಾಳಿ ನಿಂತುಹೋಯಿತು. ಕೋಣೆ ಆರತೊಡಗಿತು. ಕೂಸಿನ ಅಂಗಾಲು ಮುಟ್ಟಿದ ದೊಡ್ಡಮ್ಮನ ಮುಖ ಸಣ್ಣಗಾಯಿತು. ಮಗಳನ್ನು ಎದೆಗವಚಿಕೊಂಡು ನಾನು ಅತ್ತೇಬಿಟ್ಟೆ. ಹಿತ್ತಲಿಗೆ ಓಡಿದ ನಮ್ಮನೆಯವರು ಅಲ್ಲಿಂದಲೇ ಕೂಗಿದರು: "ಯಾರ್ರೀ ಇದಕ್ಕೆ ಕಂಬಳಿ ಸುತ್ತಿರೋದು?"

ಇನ್ಯಾರು!

"ನಾನೇ ಕಣಪ್ಪ. ಥಣ್ಣಗೆ ಗಾಳಿ ಉಗುಳ್ತಿತ್ತು. ಪೈಪಲ್ಲಿ ಒಳಗೆ ಬಂದ್ಬಿಟ್ರೆ ಕೂಸಿನ ಗತಿ ಏನು ಅಂತ..."

"ಅಯ್ಯೋ ದೊಡ್ಡಮ್ಮ, ಚಳಿಗಾಳೀಲೂ ಒಂಚೂರು ಬಿಸಿ ಇರತ್ತೆ. ಇದು ಅದನ್ನೇ ಹೀರ್ಕೊಂಡು ಒಳಗೆ ಕಳಿಸೋದು. ಬಿಸಿ ಕಳ್ಕೊಂಡ ಗಾಳಿ ಹೊರಗೆ ಬರತ್ತೆ, ಅದಕ್ಕೇ ಥಣ್ಣಗಿರೋದು. ನೀವು ಅದರ ಮೂಗು ಮುಚ್ಚಿಬಿಟ್ರಿ!"

"ಚಳೀಲಿ ಬಿಸಿ ಎಲ್ಲಿಂದ ಬರತ್ತಪ್ಪ?"

"ಫ್ರಿಜ್ ಹಿಂದೆ ಕೈ ಇಟ್ನೋಡಿ. ಒಳಗಿನ ಬಿಸೀನ ಹಿಂದಕ್ಕೆ ತಳ್ಳಿರತ್ತೆ. ಇದು ಹಿತ್ತಲ ಬಿಸೀನ ಕೋಣೆಗೆ ತಳ್ಳತ್ತೆ, ಅಷ್ಟೇ."

ದೊಡ್ಡಮ್ಮ ನಿಜವಾಗಿಯೂ ಹೋಗಿ ಫ್ರಿಜ್ಜಿನ ಬೆನ್ನಿಗೆ ಹಿಂಗೈ ತಾಗಿಸಿ ಬಂದರು.

ಕಂಬಳಿ ತೆಗೆದು, ಕೊಂಚ ಹೊತ್ತು ಬಿಟ್ಟು ಮತ್ತೆ ಎಸಿ ಹಾಕಿದಾಗ ಯಂತ್ರ ಗುರ್ ಅಂದಿತು. ಮೆಲ್ಲಗೆ ಬೆಚ್ಚನೆಯ ಗಾಳಿ ಬರತೊಡಗಿತು. ಮಗಳ ಅಂಗಾಲು ಬಿಸಿಯಾದಾಗ, ಅಬ್ಬಾ, ಹೋದ ಜೀವ ಬಂದಂತಾಯಿತು. "ಸದ್ಯ" ಎಂದು ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ದೊಡ್ಡಮ್ಮ ಈಗಿಲ್ಲ. ಬಾಣಂತನ ಮುಗಿಸಿ ತುಮಕೂರಿಗೆ ಹೊರಟ ಬೆಳಿಗ್ಗೆಯೇ ನಾನು ಅವರನ್ನು ಕಡೆಯದಾಗಿ ಕಂಡಿದ್ದು. ಆಟೋ ಬಂದು ನಿಂತಿತ್ತು. ಕೂಸು ಮಲಗಿತ್ತು. ಬಾಗಿಲು ತೆಗೆದರೆ ಕೋಣೆಗೆ ಚಳಿ ನುಗ್ಗೀತೆಂದು ಅವರು ಒಳಗೆ ಹೋಗಲಿಲ್ಲ. ನನ್ನನ್ನೂ ಕರೆದುಕೊಂಡು ಹಿತ್ತಲಿಗೆ ಹೋಗಿ, ಆ ಪೆಟ್ಟಿಗೆಯ ಮುಂದೆ ಹಿಂಗೈ ಹಿಡಿದು ನಿಂತರು.

"ಥಣ್ಣಗಿದೆ ಕಣೇ" ಎಂದು ನಕ್ಕರು. "ಕೂಸು ಬೆಚ್ಚಗಿದೆ."