ದಾರಿ ಚೊಕ್ಕಟ ಮಾಡಿದ ಬೆಳಿಗ್ಗೆ

ಇಂದು ಬೆಳಿಗ್ಗೆ ಕರೆಂಟಿನವರು ಬಂದು, ತಂತಿಗೆ ತಾಗುತ್ತಿದ್ದ ಸಿಲ್ವರ್ ಓಕ್ ಕೊಂಬೆಗಳನ್ನು ನಮ್ಮ ಗೇಟಿನ ಎದುರೇ ಕಡಿದು ಹಾಕಿದರು. ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದೆ. ಹಸಿ ಮರದ ಒಗರು ವಾಸನೆ ಗೇಟು ದಾಟಿ ಒಳಗೆ ಬಂದಿತು; ಎಣ್ಣೆಯ ಡಬ್ಬಿ ಹಿಡಿದ ಕೈ ಅಲ್ಲಿಯೇ ನಿಂತಿತು. ಕಡಿದ ಕೊಂಬೆಯ ವಾಸನೆಗೆ ಹೆದರುವ ಹೆಂಗಸೂ ಇದ್ದಾಳೆಯೇ ಎಂದು ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿದ ಮೇಲೆ ನಗಿ.

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಅವಧಿಗೆ ಮೊದಲೇ ಕೆಲಸ ಬಿಟ್ಟವಳು ನಾನು. ನಾನು ಶಾಲೆಯನ್ನು ಬಿಟ್ಟೆನೇ ಹೊರತು ಶಾಲೆ ನನ್ನನ್ನು ಬಿಡಲಿಲ್ಲ. ಮದುವೆಯ ಕರೆಯೋಲೆಯಲ್ಲಿ ತಪ್ಪು ಕಂಡರೆ, ಊಟಕ್ಕೆ ಕೂರುವ ಮೊದಲು ವರನ ತಂದೆಯನ್ನು ಹುಡುಕಿ ತಿಳಿಸಿ ಬಂದ ಖ್ಯಾತಿ ನನಗಿದೆ. ಇಂಥವಳು ನಲವತ್ತೈದು ದಾಟಿದ ಮೇಲೆ ಹೆಲ್ಮೆಟ್ ಧರಿಸಿ, ಮೊಣಕಾಲಿಗೆ ಪಟ್ಟಿ ಕಟ್ಟಿ, ದಪ್ಪ ಟಯರಿನ ಸೈಕಲ್ ಏರಿ ಗಾಳಿಬೀಡಿನ ಗುಡ್ಡ ಹತ್ತತೊಡಗಿದಾಗ ಊರು ಸುಮ್ಮನಿದ್ದೀತೇ? "ಎಂತ ಟೀಚರೇ, ಕಾರಿಗೆ ಪೆಟ್ರೋಲ್ ಇಲ್ವಾ?" ಎಂದು ಪಕ್ಕದ ಮನೆಯವರು ಮೊದಲ ವಾರ ಕೇಳಿದರು. ಎರಡನೆಯ ವಾರ, "ಅಲ್ಲ ಟೀಚರೇ, ಹತ್ತಿ ಇಳಿಯೋದಾದ್ರೆ ಹತ್ತೋದು ಎಂತಕ್ಕೆ?" ಎಂದರು.

ಮಗಳು ಪೂರ್ವಿಗೆ ಆಗ ಹನ್ನೆರಡು. ಮೊದಮೊದಲು ನನ್ನ ಹಿಂದೆ ಏದುತ್ತ ಬರುತ್ತಿದ್ದವಳು ಒಂದೇ ವರ್ಷದಲ್ಲಿ ನನ್ನನ್ನು ಮೀರಿಸಿದಳು. ಇಳಿಜಾರಿನಲ್ಲಿ ನಾನು ಬ್ರೇಕ್ ಹಿಡಿದು ದೇವರನ್ನು ನೆನೆಯುವ ಜಾಗಗಳಲ್ಲಿ ಅವಳು ಬ್ರೇಕ್ ಬಿಟ್ಟು ಹಾಡುತ್ತಿದ್ದಳು. ಸವಾರಿಯಲ್ಲಿ ಸೋತ ತಾಯಿ ನಿಯಮದಲ್ಲಿ ಗೆಲ್ಲಲು ನೋಡುತ್ತಾಳೆ. ನೀರು, ಗಾಳಿ, ಬ್ರೇಕು, ಪಂಪು, ಪಂಕ್ಚರ್ ಡಬ್ಬಿ, ಹೀಗೆ ಪಟ್ಟಿಯೊಂದನ್ನು ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದೆ. ಆ ನಿಯಮಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು, ಮುಂದೆ ಹೋಗುವವರು ಹಿಂದೆ ಬರುವವರಿಗಾಗಿ ದಾರಿ ಚೊಕ್ಕಟ ಮಾಡಬೇಕು ಎಂಬುದು. ಇದು ನಾನು ಹುಟ್ಟುಹಾಕಿದ್ದಲ್ಲ. ಗುಡ್ಡದ ದಾರಿಯಲ್ಲಿ ಸೈಕಲ್ ತುಳಿಯುವವರೆಲ್ಲ ಪಾಲಿಸುವ ಸೌಜನ್ಯ. ಗೇಣುದ್ದದ ಕಡ್ಡಿ ಹಿಂದಿನ ಚಕ್ರಕ್ಕೆ ಸಿಕ್ಕಿದರೂ ಗೇರು ಮುರಿಯುತ್ತದೆ, ವೇಗದಲ್ಲಿದ್ದರೆ ಹಲ್ಲೂ ಮುರಿಯುತ್ತದೆ. ನನ್ನ ಕೈಯಲ್ಲಿ ಮಾತ್ರ ಆ ಸೌಜನ್ಯ ಒಂದು ಶಾಸ್ತ್ರವೇ ಆಗಿಬಿಟ್ಟಿತ್ತು. ಕೊಂಬೆಯನ್ನು ಎಳೆದು ಸುಮ್ಮನೆ ಎಸೆಯುತ್ತಿರಲಿಲ್ಲ; ಬುಡ ರಸ್ತೆಯ ಕಡೆಗೆ, ತುದಿ ಚರಂಡಿಯ ಕಡೆಗೆ, ಅಡ್ಡಗೆರೆ ಎಳೆದಂತೆ ನೇರವಾಗಿ ಇಡುತ್ತಿದ್ದೆ.

ಮೂರು ವರ್ಷದ ಹಿಂದಿನ ಆ ಭಾನುವಾರ ಕಾಫಿ ಕೊಯ್ಲಿನ ಕೊನೆಯ ದಿನಗಳಲ್ಲಿ ಬಂದಿತ್ತು. ನಮ್ಮ ಮನೆಯಿಂದ ಮೇಲೆ ಹೋಗುವ ಜೀಪ್ ರಸ್ತೆ ಒಂದು ಎಸ್ಟೇಟನ್ನು ಬಳಸಿಕೊಂಡು ಬಾಣೆ ಎನ್ನುವ ಹುಲ್ಲುಗುಡ್ಡದವರೆಗೆ ಏರುತ್ತದೆ. ಬಾಣೆಯಿಂದ ತುಸು ಕೆಳಗೆ, ಅದೇ ರಸ್ತೆಯ ಎಡಮಗ್ಗುಲಿನಿಂದ ಒಂದು ಕಾಲುದಾರಿ ಒಡೆಯುತ್ತದೆ. ಕಾಫಿ ಗಿಡಗಳ ನಡುವೆ ಇಳಿದು, ತೋಡಿನ ಸಣ್ಣ ನೀರು ದಾಟಿ, ಕೆಲಸದವರ ಲೈನ್ ಮನೆಗಳ ಮುಂದೆ ಮತ್ತೆ ಜೀಪ್ ರಸ್ತೆಗೆ ಸೇರುತ್ತದೆ. ಸೈಕಲ್ಲಿನಲ್ಲಿ ಆ ಕಾಲುದಾರಿ ಆರು ನಿಮಿಷ. ಸುತ್ತಿ ಬರುವ ಜೀಪ್ ರಸ್ತೆ ಹದಿನೈದು. ಕಾಲುದಾರಿಯಲ್ಲಿ ತಾನೊಬ್ಬಳೇ ಇಳಿಯಬೇಕು, ಕೊನೆಯ ತಿರುವಿನಲ್ಲಿ ನಾನು ನಿಂತು ವಿಡಿಯೊ ಮಾಡಬೇಕು ಎಂದು ಪೂರ್ವಿ ತಿಂಗಳಿನಿಂದ ಹಟ ಹಿಡಿದಿದ್ದಳು. ನಾನು ಷರತ್ತಿನ ಮೇಲೆ ಒಪ್ಪಿದೆ. ನಾನು ಜೀಪ್ ರಸ್ತೆಯಲ್ಲಿ ಮುಂದೆ ಹೋಗುವುದು. ಅವಳು ಬಾಣೆಯ ಮೇಲೆ ಗಡಿಯಾರ ನೋಡಿಕೊಂಡು, ಸರಿಯಾಗಿ ಇಪ್ಪತ್ತು ನಿಮಿಷ ಕಳೆದ ಮೇಲೆ ಹೊರಡುವುದು.

"ಹತ್ತೊಂಬತ್ತಾದ್ರೆ?" ಎಂದಳು.

"ಇಪ್ಪತ್ತು."

"ಇಪ್ಪತ್ತೂವರೆ ಆದ್ರೆ ಬೆಂಚ್ ಮೇಲೆ ನಿಲ್ಲಿಸ್ತೀಯಾ ಅಮ್ಮ?"

ಅವಳನ್ನು ಬಾಣೆಯಲ್ಲಿ ಬಿಟ್ಟು ಕಾಲುದಾರಿಯ ಬಾಯಿಗೆ ಬಂದಾಗ, ಹತ್ತುವಾಗ ಅಲ್ಲಿರದಿದ್ದ ಸಿಲ್ವರ್ ಓಕಿನ ಸೊಪ್ಪುಸಹಿತ ಕೊಂಬೆಯೊಂದು ಅಡ್ಡ ಬಿದ್ದಿತ್ತು. ಇಳಿದೆ. ವೇಗದಲ್ಲಿ ತಿರುಗುವ ಮಗಳು ಇದರ ಮೇಲೆ ಬಂದಿದ್ದರೆ ಏನು ಗತಿ ಎಂದುಕೊಂಡೆ. ಎಳೆದು, ಬುಡ ಇತ್ತ, ತುದಿ ಅತ್ತ ಮಾಡಿ ಚರಂಡಿಗೆ ಒರಗಿಸಿದೆ. ಎರಡು ಕಲ್ಲನ್ನೂ ಕಾಲಿನಿಂದ ತಳ್ಳಿದೆ. ಅಂಗೈಗೆ ಹಸಿ ಒಗರು ಅಂಟಿತು. ತಾಯಿಯಾದವಳು ಮಾಡಬೇಕಾದದ್ದನ್ನು ಮಾಡಿದೆನೆಂಬ ತೃಪ್ತಿಯಿಂದ ಇಳಿಜಾರು ಹಿಡಿದೆ.

ಲೈನ್ ಮನೆಗಳ ಮುಂದೆ ಕೊಯ್ಲಿನ ಹೆಂಗಸರೆಲ್ಲ ಖಾಲಿ ಚೀಲಗಳನ್ನು ಮಡಿಲಲ್ಲಿಟ್ಟು ಜಗಲಿಯ ಮೇಲೆ ಸಾಲಾಗಿ ಕುಳಿತಿದ್ದರು. ಹಣ್ಣು ಉದುರುವ ದಿನಗಳಲ್ಲಿ ಹೀಗೆ ಯಾರೂ ಕೂರುವುದಿಲ್ಲ. ಮಾತೂ ಪಿಸುಗುಟ್ಟುವಷ್ಟೇ ಇತ್ತು. ಎಸ್ಟೇಟಿನ ರೈಟರ್ ಬೆಳ್ಯಪ್ಪನವರು, ಎಂದರೆ ಕೆಲಸದವರ ಹಾಜರಿ ಬರೆದು ಕೆಲಸ ನೋಡಿಕೊಳ್ಳುವವರು, ನನ್ನನ್ನು ಕಂಡು ಎದ್ದು ಬಂದರು.

"ಜೀಪ್ ರೋಡಲ್ಲೇ ಬಂದ್ರಲ್ಲ ಟೀಚರೇ, ಒಳ್ಳೇದಾಯ್ತು. ತೋಡಿನ ಹತ್ರ ಆನೆ ಉಂಟು, ಮರಿ ಕರ್ಕೊಂಡು. ಬೈನೆ ಮರ ಮುರಿದು ತಿಂತಾ ಉಂಟು. ಪಿಕ್ಕಿಂಗ್ ನಿಲ್ಸಿ ಕೂತಿದ್ದೇವೆ. ಮೇಲೆ ದಾರಿಗೆ ಸೊಪ್ಪು ಹಾಕ್ಸಿದ್ದೆ, ನೋಡಿರ್ಬೇಕಲ್ಲ."

ನನಗೂ ಗೊತ್ತಿರದ ಸಂಗತಿಯೇನಲ್ಲ ಅದು. ತೋಟದಲ್ಲಿ ಆನೆ ಇಳಿದರೆ ದಾರಿಯ ಬಾಯಿಗೆ ಕಡಿದ ಸೊಪ್ಪು ಹಾಕುತ್ತಾರೆ; ಕಂಡವರು ಹಿಂದಿರುಗುತ್ತಾರೆ. ನಡೆದು ಬಂದಿದ್ದರೆ ನಾನೂ ಹಿಂದಿರುಗುತ್ತಿದ್ದೆನೋ ಏನೋ. ಸೈಕಲ್ ಮೇಲಿನ ಕಣ್ಣಿಗೆ ಮಾತ್ರ ದಾರಿಗೆ ಅಡ್ಡ ಬಿದ್ದದ್ದೆಲ್ಲವೂ ಬರಿಯ ಅಡ್ಡಿಯೇ.

ಗಡಿಯಾರ ನೋಡಿದೆ. ಹದಿನೇಳು ನಿಮಿಷವಾಗಿತ್ತು.

"ಮಗಳು ಮೇಲಿದ್ದಾಳೆ," ಎಂದೆ. "ಇನ್ನು ಮೂರು ನಿಮಿಷಕ್ಕೆ ಅದೇ ದಾರಿಯಲ್ಲಿ ಇಳಿಯುತ್ತಾಳೆ."

ಕೂಗಲು ಬಾಯಿ ತೆರೆದೆ. ಮೈದಾನದ ಆ ತುದಿಯವರೆಗೆ ಮೈಕಿಲ್ಲದೆ ಮುಟ್ಟುತ್ತಿದ್ದ ಗಂಟಲು ಇದು. ರೈಟರ್ ಎರಡೂ ಕೈ ಎತ್ತಿ ತಡೆದರು. "ಕೂಗ್ಬೇಡಿ! ಇಲ್ಲಿಂದ ಸದ್ದು ಮಾಡಿದ್ರೆ ಆನೆ ಮೇಲಕ್ಕೇ ಹೋಗೋದು, ಅದೇ ದಾರಿ ಹಿಡಿದು. ಹೆದ್ರಬೇಡಿ. ಸೊಪ್ಪು ಉಂಟಲ್ಲ, ಮಗು ನೋಡಿ ನಿಲ್ತದೆ."

ಆಗ ನಾನು ಆಡಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ: "ಅಲ್ಲಿ ಸೊಪ್ಪು ಇಲ್ಲ."

ವಾಕ್ಯದಲ್ಲಿ ತಪ್ಪಿಲ್ಲ. ನಾನು ಆ ಜಾಗ ಬಿಟ್ಟು ಬರುವಾಗ ಅಲ್ಲಿ ಸೊಪ್ಪು ಇರಲಿಲ್ಲ. ಆದರೆ ಎಷ್ಟೋ ಮಕ್ಕಳನ್ನು ಇಂಥ ಅರ್ಧ ಸತ್ಯಕ್ಕಾಗಿ ತರಗತಿಯ ಹೊರಗೆ ನಿಲ್ಲಿಸಿದವಳು ನಾನು.

ರೈಟರ್ ಜಗಲಿಯ ಕಡೆಗೆ ತಿರುಗಿದರು. "ಸೆಲ್ವಿ! ಸೊಪ್ಪು ಹಾಕು ಅಂತ ಕಳಿಸಿದ್ದು ನಿನ್ನನ್ನು. ಎಲ್ಲಿ ಹಾಕಿದೆ?"

ನಡುವಯಸ್ಸಿನ ಹೆಂಗಸೊಬ್ಬಳು ಕತ್ತಿಸಹಿತ ಎದ್ದು ನಿಂತಳು. "ಹಾಕಿದೆ ಸಾರ್. ದಾರಿ ಬಾಯಿಗೇ ಹಾಕಿದೆ. ದೂರಕ್ಕೆ ಕಾಣ್ಲಿ ಅಂತ ಎಲೆಯ ಬೆಳ್ಳಿ ಬಣ್ಣ ಮೇಲೆ ಮಾಡಿ ಹಾಕಿದೆ."

"ಟೀಚರು ಸುಳ್ಳು ಹೇಳ್ತಾರಾ?"

ನಾನು ಸುಮ್ಮನಿದ್ದೆ. ಈಗ ಹೇಳಿದರೂ ಕೊಂಬೆ ತಾನಾಗಿ ಎದ್ದು ದಾರಿಗೆ ಬಂದು ಮಲಗುವುದಿಲ್ಲವಲ್ಲ ಎಂದು ಮನಸ್ಸು ಒಂದು ಸಮಜಾಯಿಷಿಯನ್ನೂ ಹೊಂದಿಸಿಕೊಟ್ಟಿತು. ಲೈನಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಜೀಪು ಕಾಫಿ ಚೀಲ ಹೇರಿಕೊಂಡು ಮಡಿಕೇರಿಗೆ ಹೋಗಿತ್ತು. ಬೈಕಿನ ಸದ್ದಿಗೆ ಮರಿಯಾನೆಯ ತಾಯಿ ರೇಗುತ್ತದೆ. ಉಳಿದದ್ದು ನನ್ನ ಸೈಕಲ್ಲೊಂದೇ. "ಬಂದ ರೋಡಲ್ಲೇ ಹತ್ತಿ. ಕೆಳಗಿನ ಬಾಯಿಗೆ ನಾನು ನಿಲ್ತೇನೆ, ಮಗು ಇಲ್ಲಿ ಬಂದ್ರೆ ನಿಮ್ಗೆ ಹೇಳೋಕೆ ಆಳು ಓಡಿಸ್ತೇನೆ," ಎಂದರು ರೈಟರ್. ನಾನು ಪೆಡಲ್ ತುಳಿದೆ. ಹಿಂದೆ ಹೆಜ್ಜೆಯ ಸದ್ದು ಕೇಳಿ ತಿರುಗಿದರೆ, ಸೆಲ್ವಿ ಸೆರಗು ಬಿಗಿದು ಬರುತ್ತಿದ್ದಳು.

ಹತ್ತಿದವರಿಗೆ ಗೊತ್ತು, ಆ ಏರಿನಲ್ಲಿ ಸೈಕಲ್ಲಿಗೂ ಕಾಲ್ನಡಿಗೆಗೂ ಬಹಳ ವ್ಯತ್ಯಾಸವಿಲ್ಲ. ನಡೆದುಬರುವವರ ಮಾತು ಆನೆಗೆ ದೂರದಿಂದಲೇ ಕೇಳುತ್ತದೆ, ಬೈಕು ಇನ್ನೂ ದೂರದಿಂದ ಕೇಳುತ್ತದೆ. ವೇಗವಿದ್ದೂ ಸದ್ದಿಲ್ಲದೆ ಬಂದು ಎದುರಿಗೆ ನಿಲ್ಲುವುದು ಸೈಕಲ್ ಒಂದೇ. ಮರಿಯ ಮುಂದೆ ಹಾಗೆ ಬಂದು ನಿಂತವರನ್ನು ತಾಯಿ ಬಿಡುವುದಿಲ್ಲ. ಮಗಳ ಚೈನಿಗೆ ಸದ್ದು ಬಾರದಂತೆ ಹಿಂದಿನ ಸಂಜೆ ಎಣ್ಣೆ ಹಾಕಿಕೊಟ್ಟವಳೂ ನಾನೇ. ಇಪ್ಪತ್ತು ನಿಮಿಷ ಕಳೆಯಿತು. ಇಪ್ಪತ್ತಮೂರು. ಈಗ ಕಾಲುದಾರಿಯ ಬಾಯಿಯಲ್ಲಿರುತ್ತಾಳೆ. ಇಪ್ಪತ್ತಾರು. ಈಗ ತೋಡಿನ ಹತ್ತಿರ. ಏರು ಕಡಿದಾದಲ್ಲಿ ಇಳಿದೆ, ಸೈಕಲ್ ತಳ್ಳತೊಡಗಿದೆ. ಕೆಳಗಿನ ಕಣಿವೆಯಿಂದ ಏನೋ ಲಟಾರನೆ ಮುರಿದ ಸದ್ದು ಕೇಳಿತು.

ಸೆಲ್ವಿ ನನ್ನ ತೋಳು ಹಿಡಿದಳು. "ಬೈನೆ ಅದು, ಟೀಚರಮ್ಮ. ಮರ. ಬೇರೆ ಏನೂ ಇಲ್ಲ." ನಾಲ್ಕು ಹೆಜ್ಜೆ ನಡೆದು ಮತ್ತೆ ಮೆಲ್ಲಗೆ, "ಬಳ್ಳಿ ತಂದು ಗೂಟಕ್ಕೆ ಕಟ್ಬೇಕಿತ್ತು ನಾನು. ಗಾಳಿಗೆ ಹಾರಿರ್ತದೆ. ನನ್ನದೇ ತಪ್ಪು," ಎಂದಳು.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಉಸಿರಿಲ್ಲ ಎಂಬ ನೆಪವಿತ್ತು.

ಕೊನೆಯ ತಿರುವು ದಾಟಿದಾಗ ಮೊದಲು ಕಂಡದ್ದು ಕೆಂಪು ಹೆಲ್ಮೆಟ್. ಪೂರ್ವಿ ಕಾಲುದಾರಿಯ ಬಾಯಿಯಲ್ಲಿ ಸೈಕಲ್ಲನ್ನು ಅಡ್ಡಲಾಗಿ ಮಲಗಿಸಿ, ಅದರ ಮುಂದೆ ಆ ಕೊಂಬೆಯನ್ನು ಮತ್ತೆ ಹಾಸಿ, ಕೈಕಟ್ಟಿ ಕಾವಲು ನಿಂತಿದ್ದಳು. ನಾನು ಓಡಿ ಹೋಗಿ ಅವಳ ಭುಜ, ಕೆನ್ನೆ, ಮೊಣಕೈಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಅವಳು ನನ್ನ ಕೈ ಸರಿಸಿದಳು.

"ಇದನ್ನು ಚರಂಡಿಗೆ ಹಾಕಿದ್ದು ನೀನಲ್ವಾ?"

ಒಗರು ಅಂಟಿದ್ದ ಅಂಗೈಯನ್ನು ಬೆನ್ನ ಹಿಂದೆ ಮಾಡಿದೆ.

"ಬುಡ ಈ ಕಡೆ, ತುದಿ ಆ ಕಡೆ. ಇಷ್ಟು ನೀಟಾಗಿ ಗಾಳಿ ಇಡ್ತದಾ? ಬುಡ ನೋಡಮ್ಮ, ಕತ್ತೀಲಿ ಕಡಿದದ್ದು. ಕತ್ತೀಲಿ ಕಡಿದ ಸೊಪ್ಪು ದಾರೀಲಿದ್ರೆ ಎಂತ ಅಂತ ನಮ್ಮ ಕ್ಲಾಸಲ್ಲಿ ಎಲ್ರಿಗೂ ಗೊತ್ತು. ನೀನು ಜೀಪ್ ರೋಡ್ ಬಿಟ್ಟು ಇದ್ರಲ್ಲೇ ಹುಡುಕ್ತಾ ಬರ್ತೀಯೇನೋ ಅಂತ..." ಮಾತು ಅಲ್ಲಿಗೆ ಒಡೆಯಿತು. ಅರ್ಧ ಗಂಟೆ ನಾನು ಅವಳಿಗಾಗಿ ಹೆದರಿದ್ದರೆ, ಅಷ್ಟೇ ಹೊತ್ತು ಅವಳು ನನಗಾಗಿ ಹೆದರಿದ್ದಳು.

ಸೆಲ್ವಿ ನಮ್ಮಿಬ್ಬರನ್ನೂ ನೋಡಿದಳು. ಬಗ್ಗಿ, ಪೂರ್ವಿ ಹಾಸಿದ್ದ ಕೊಂಬೆಯ ಎಲೆಗಳನ್ನು ಬೆಳ್ಳಿಬಣ್ಣ ಮೇಲಾಗುವಂತೆ ತಿರುಗಿಸಿಟ್ಟಳು.

ಇಳಿಯುವಾಗ ಮೂವರೂ ನಡೆದೇ ಇಳಿದೆವು. ಅರ್ಧ ದಾರಿಯಲ್ಲಿ ಪೂರ್ವಿ ಕೇಳಿದಳು: "ಕೆಳಗೆ ಅವರಿಗೆ ಹೇಳಿದ್ಯಾ?" ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಸೆಲ್ವಿಯ ಕಡೆಗೆ ನೋಡಿದಳು, ಆಮೇಲೆ ನನ್ನ ಕಡೆಗೆ. ತರಗತಿಯಲ್ಲಿ ಇಪ್ಪತ್ತೆರಡು ವರ್ಷ ನಾನು ಮಕ್ಕಳನ್ನು ನೋಡುತ್ತಿದ್ದ ನೋಟ ಅದು. ಎದುರು ನಿಂತು ಅದನ್ನು ತಿಂದದ್ದು ಅದೇ ಮೊದಲು.

ಲೈನಿನ ಮುಂದೆ, ಜಗಲಿಯ ಸಾಲಿನೆದುರು ಹೆಲ್ಮೆಟ್ ತೆಗೆದು ನಿಂತೆ. "ಸೆಲ್ವಿ ಸೊಪ್ಪು ಸರಿಯಾಗಿಯೇ ಹಾಕಿದ್ದಳು. ತೆಗೆದವಳು ನಾನು. ಕೇಳಿದಾಗ ಹೇಳಲಿಲ್ಲ," ಎಂದೆ. ಎಷ್ಟೋ ಭಾಷಣ ಬರೆದುಕೊಟ್ಟವಳು, ಆ ಮೂರು ವಾಕ್ಯಗಳನ್ನು ಕಟ್ಟಲು ಆ ಇಳಿಜಾರಿನ ಉದ್ದಕ್ಕೂ ಹೆಣಗಿದ್ದೆ. ರೈಟರ್ ಮುಖ ಬೇರೆ ಕಡೆ ತಿರುಗಿಸಿ, "ಹೋಗ್ಲಿ ಬಿಡಿ ಟೀಚರೇ, ಮಗು ಬಂತಲ್ಲ," ಎಂದು ನಕ್ಕರು. ಜಗಲಿಯ ಮೇಲಿದ್ದ ಮುದುಕಿಯೊಬ್ಬಳು, "ಟೀಚರಿಗೂ ತಪ್ಪುಂಟಾ!" ಎಂದಳು, ಹೆಂಗಸರು ಸೆರಗಿನೊಳಗೆ ನಕ್ಕರು. ಸೆಲ್ವಿ ನಗಲಿಲ್ಲ.

"ನೀವು ಹೇಳ್ದೇ ಇದ್ದಿದ್ರೆ ಸಾರ್ ನಾಳೆಯಿಂದ ಸೊಪ್ಪು ಹಾಕೋಕೆ ಬೇರೆಯವರನ್ನ ಕಳಿಸ್ತಿದ್ರು," ಎಂದಳು. "ಹತ್ತು ವರ್ಷದಿಂದ ನಾನೇ ಹಾಕೋದು ಟೀಚರಮ್ಮ."

ಅಷ್ಟೇ ಹೇಳಿ ಒಳಗೆ ಹೋಗಿ ನಮಗೆ ಕರಿಕಾಫಿ ತಂದಳು. ಆ ಲೋಟವನ್ನು ನಾನು ತಲೆ ಎತ್ತದೆ ಕುಡಿದೆ.

ಮನೆಗೆ ಬಂದ ಮೇಲೆ ಪೂರ್ವಿ ಎರಡು ವಾರ ಸೈಕಲ್ ಮುಟ್ಟಲಿಲ್ಲ. ಮೂರನೆಯ ಭಾನುವಾರ ತಾನಾಗಿಯೇ ಶೂ ಕಟ್ಟಿಕೊಂಡು ಬಂದು, "ಇನ್ನು ಮೇಲೆ ನಾನು ಮುಂದೆ, ನೀನು ಹಿಂದೆ," ಎಂದಳು. ಅದು ಶಿಕ್ಷೆಯೋ ಕ್ಷಮೆಯೋ ಎಂದು ಕೇಳುವ ಧೈರ್ಯವಾಗಲಿಲ್ಲ. ಒಪ್ಪಿಕೊಂಡೆ.

ಇಂದೂ ಹಾಗೆಯೇ ಹೊರಟೆವು. ಅವಳಿಗೀಗ ಹದಿನಾರು. ಬಾಣೆಗೆ ಏರುವ ದಾರಿಯಲ್ಲಿ ನನಗಿಂತ ಇಪ್ಪತ್ತು ಮಾರು ಮುಂದಿದ್ದಳು. ಮಂಜು ಇನ್ನೂ ಪೂರ್ತಿ ಸರಿದಿರಲಿಲ್ಲ. ತಿರುವೊಂದರಲ್ಲಿ ಅವಳು ತಟ್ಟನೆ ನಿಂತು, ಹಿಂದಿರುಗಿ ನೋಡದೆ ಎಡಗೈ ಮೇಲೆತ್ತಿದಳು. ತಿರುವಿನ ಆಚೆ ಏನಿದೆಯೋ ನನಗೆ ಕಾಣಿಸುತ್ತಿರಲಿಲ್ಲ. ಏಕೆ, ಏನು, ಎಷ್ಟು ಹೊತ್ತು ಎಂದು ಕೇಳುವುದೇ ನನ್ನ ವೃತ್ತಿಯಾಗಿತ್ತು. ಎರಡೂ ಬ್ರೇಕ್ ಹಿಡಿದು, ಒಂದು ಕಾಲು ನೆಲಕ್ಕೂರಿ, ಅವಳ ಕೈ ಕೆಳಗಿಳಿಯುವವರೆಗೂ ಬಾಯಿ ಮುಚ್ಚಿ ನಿಂತಿದ್ದೆ.