ಖತೀಜಾ ಬೇಗಂ ಅವರ ಬರ್ಫಿನ ಡಬ್ಬಿ

ಕೆಡದೇ ಇರೋ ಫ್ರಿಜ್ ರಿಪೇರಿಗೆ ನನ್ನನ್ನು ಭಾಲ್ಕಿಯಿಂದ ಬೀದರಿನ ನೌಬಾದಕ್ಕೆ ಓಡಿಸಿದರಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ. ಕರೆದವರು ಖತೀಜಾ ಬೇಗಂ. ಗಂಡ ತೀರಿದ ಮೇಲೆ ಒಬ್ಬರೇ ಇದ್ದರು. ಹಿಂದೆ ರಂಜಾನಿನಲ್ಲಿ ರೋಜಾ ಉಪವಾಸ ಬಿಡೋ ಹೊತ್ತಿಗೆ ಇಡೀ ಓಣಿಯ ಮಂದಿ ಶರಬತ್ತಿಗೆ ಬರ್ಫ್, ಅಂದ್ರೆ ಐಸ್, ಕೇಳಿಕೊಂಡು ಅವರ ಬಾಗಿಲಿಗೆ ಬರ್ತಿದ್ದರು. ಅದಕ್ಕಂತಲೇ ತಾನಾಗೇ ಬರ್ಫ್ ಮಾಡೋ ದೊಡ್ಡ ಫ್ರಿಜ್ ತಂದಿದ್ದರು.

"ರಂಜಾನ್ ಬಂತು, ಬರ್ಫ್ ಬೀಳೋದು ನಿಂತದ. ಬಂದವರಿಗೆ ಏನ್ ಕೊಡ್ಲಿ ಬೇಟಾ?" ಅಂದರು.

ನೀರಿನ ಪೈಪು ನೋಡಿದೆ, ಸರಿ ಇತ್ತು. ಬರ್ಫ್ ಬೀಳೋ ಡಬ್ಬಿ ಎಳೆದೆ. ಬಾಯಿತನಕ ತುಂಬಿ, ಎಲ್ಲ ಒಂದೇ ಗಡ್ಡೆ ಆಗಿತ್ತು.

"ಕೆಟ್ಟಿಲ್ಲರಿ ಖಾಲಾ! ಡಬ್ಬಿ ತುಂಬಿದ್ರ ಮಷಿನ್ ತಾನೇ ನಿಲ್ತದ. ತಗೊಳ್ಳೋರು ಯಾರೂ ಇಲ್ಲಂದ್ರ ಅದರ ತಪ್ಪೇನು?" ಅಂತ ಒದರಿದೆ.

ಅವರು ಬಾಗಿಲ ಕಡೆ ನೋಡಿದರು. "ಹೌದು, ಈಗ ಎಲ್ಲರ ಮನ್ಯಾಗೂ ಫ್ರಿಜ್ ಅದ" ಅಂದರು. ಆಮೇಲೆ ನಕ್ಕು, ಬರ್ಫ್ ಒಡೆದು ಸ್ಟೀಲಿನ ಡಬ್ಬಿಗೆ ತುಂಬಿ ನನ್ನ ಕೈಗಿಟ್ಟರು. "ತಲಿ ಮ್ಯಾಲ ಇಟ್ಕೋ, ತಣ್ಣಗಾಗ್ತದ. ಡಬ್ಬಿ ಕೊಡ್ಲಿಕ್ಕ ಮತ್ತ ಬಾ."

ಭಾಲ್ಕಿ ಮುಟ್ಟೋದ್ರಾಗ ಅದು ನೀರಾಗಿತ್ತು. ನಮ್ಮ ಕಡೆ ಡಬ್ಬಿ ಖಾಲಿ ತಿರುಗಿಸೋದಿಲ್ಲ, ಮನೆಯಲ್ಲಿ ಮಾಡಿದ್ದು ಏನಾದರೂ ಹಾಕಿ ಕೊಡಬೇಕು. ನನ್ನ ಹೆಂಡತಿ ನನ್ನ ಸಿಟ್ಟಿಗೆ ಬೇಸತ್ತು ಔರಾದಿನ ತವರಿಗೆ ಹೋದವಳು ತಿರುಗಿ ಬಂದಿಲ್ಲ. ನಾನು ಖಾನಾವಳಿಯಲ್ಲಿ ಉಣ್ಣೋನು. ಆ ಡಬ್ಬಿ ಇನ್ನೂ ನನ್ನ ಮನಿಯಲ್ಲೇ ಅದ.